ತಕರಾರಿನ ವಕೀಲರು

ನಮ್ಮ ವಕೀಲರ ಬಲಗಿವಿಯ ಮಡಿಕೆಯಲ್ಲಿ ಸದಾ ಒಂದು ಹತ್ತಿಯ ಉಂಡೆ ಸಿಕ್ಕಿಸಿರುತ್ತಿತ್ತು, ಕಡಲೆಕಾಳಿನಷ್ಟು. ಅದರಲ್ಲಿ ಖಸ್ ಅತ್ತರು, ಲಾವಂಚದ್ದು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿಯ ಕರಡಿಗೆ, ಮೇಲೆ ಗುಂಡಿ ಬಿಗಿದ ಕರಿ ಶೇರವಾನಿ, ಕೆಳಗೆ ಕಚ್ಚೆ ಧೋತರ. ಅವರು ಬರುತ್ತಾರೆಂದರೆ ಮೊದಲು ಖಸ್ಸಿನ ವಾಸನೆ ಬರುತ್ತಿತ್ತು, ಆಮೇಲೆ ದನಿ, ಕಡೆಗೆ ಮನುಷ್ಯ. ಹೈದರಾಬಾದಿನವರು ಅವರನ್ನು ಅರ್ಧ ಜಂಗಮ ಅಂತಲೂ ನಮ್ಮ ಕಡೆಯವರು ಅರ್ಧ ನವಾಬ ಅಂತಲೂ ಚೇಷ್ಟೆ ಮಾಡುತ್ತಿದ್ದರು. ಅದಕ್ಕೆ ಅವರು, "ಎರಡು ಅರ್ಧ ಕೂಡಿದ್ರ ಒಬ್ಬ ಪೂರಾ ಮನಷ್ಯಾ ಆತಲ್ಲೋ. ನೀವೆಲ್ಲಾ ಒಂದೊಂದ ಅರ್ಧದಾಗ ಉಳದೀರಿ," ಅನ್ನುತ್ತಿದ್ದರು.

ಕಲಬುರಗಿಯಲ್ಲಿ ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಅವರ ಮನೆ. ತಾಯಿಯ ತವರು ನಮ್ಮ ಕಮಲಾಪುರ. ಹೀಗಾಗಿ ನಮ್ಮವ್ವ ಅವರನ್ನು ವಕೀಲಣ್ಣ ಅನ್ನುತ್ತಿದ್ದಳು, ಅವರು ಅವಳನ್ನು ತಂಗಿ ಅನ್ನುತ್ತಿದ್ದರು. ನಮ್ಮದು ಪರರ ತೋಟದಲ್ಲಿ ಬಾಳೆ ಬೆಳೆಯುವ ಮನೆತನ, ಕೆಂಪು ಸಿಪ್ಪೆಯ ಕಮಲಾಪುರದ ಬಾಳೆ. ಆ ಮನೆತನದಲ್ಲಿ ಅಕ್ಷರ ಕಲಿತ ಮೊದಲನೆಯವ ನಾನು, ಬಿ.ಎ. ಆದ ಮೊದಲನೆಯವನೂ ನಾನೇ. ಗುಡಿಯ ದಾಸೋಹದಲ್ಲಿ ಉಂಡು, ಯಾರದೋ ಪಡಸಾಲೆಯಲ್ಲಿ ಮಲಗಿ, ಇನ್ನೊಬ್ಬರ ಪುಸ್ತಕ ಇಸಕೊಂಡು ಓದಿದೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಹೊಲಕ್ಕೆ ಎರಡು ಕೈ ಬೇಕಾದಾಗ ಅವನ್ನು ಶಾಲೆಗೆ ಕಳಿಸಿದ ಅಪ್ಪನಿಗೂ ಇರಲಿಲ್ಲ.

ವಕೀಲರ ಒಂದು ಚಾಳಿ ಅವರ ಕಕ್ಷಿದಾರರಿಗೆ ತಲೆನೋವಾಗಿತ್ತು. ಬಂದವರು ತಮ್ಮ ಗೋಳನ್ನೆಲ್ಲ ಹೇಳಿ ಮುಗಿಸಿ, ಸೆರಗಿನಿಂದಲೋ ರುಮಾಲಿನಿಂದಲೋ ಕಣ್ಣು ಒರೆಸಿಕೊಂಡ ಮೇಲೆ ಇವರು, "ಮತ್ತೊಮ್ಮೆ ಹೇಳು," ಅನ್ನುವರು. ಒಮ್ಮೆ ಒಬ್ಬ ಮುದುಕಿ ಸಿಟ್ಟಾದಳು.

"ಯಪ್ಪಾ, ಕಿವ್ಯಾಗಿನ ಆ ಹತ್ತಿ ತಗದರ ಕೇಳ್ತದೇನೋ ನೋಡು!"

"ಕೇಳ್ಯದ ಯವ್ವಾ. ಮೊದಲ್ನೇ ಸಲ ನಿನ್ನ ಸಿಟ್ಟು ಹೇಳ್ತು. ಈಗ ನೀ ಹೇಳು."

ಹಾಗಂತ ಅವರನ್ನು ದೇವರ ಮನೆಯಲ್ಲಿ ಕೂಡಿಸುವುದು ಬೇಡ. ತಮ್ಮ ಫಾರ್ಸಿಯ ಬಗ್ಗೆ ಅವರಿಗೆ ಭಾಳ ಜಂಬ. ಯಾರಾದರೂ 'ಖ' ತಪ್ಪಿ ಅಂದರೆ ಮಾತು ನಿಲ್ಲಿಸಿ ತಿದ್ದುತ್ತಿದ್ದರು, ಶವಯಾತ್ರೆಯಲ್ಲಿದ್ದರೂ ಸೈ. ಎದುರು ಮನೆಯ ಇನ್ನೊಬ್ಬ ವಕೀಲರ ಟಾಂಗಾ ತಮ್ಮದನ್ನು ಹಿಂದೆ ಹಾಕಿತೆಂದರೆ ಅವತ್ತು ಅದಾಲತ್ತಿನಲ್ಲಿ ಅವರ ವಾದ ಕೆಡುತ್ತಿತ್ತು. ಟಾಂಗಾದವ ಇದನ್ನು ತಿಳಿದು, ಮುಖ್ಯ ಕೇಸಿದ್ದ ದಿನ ಕುದುರೆಗೆ ಮುಂಜಾನೆಯೇ ನಾಲ್ಕು ಕಾಳು ಹೆಚ್ಚು ತಿನ್ನಿಸುತ್ತಿದ್ದ.

ನಮ್ಮ ಮನೆಗೂ ಅವರಿಗೂ ಗಂಟು ಬಿದ್ದದ್ದು ಒಂದು ಎತ್ತಿನಿಂದ. ಎತ್ತಿಗಿಂತ ಹೆಚ್ಚಾಗಿ, ಒಂದು ಮಾತಿನಿಂದ.

ಅಪ್ಪನಿಗೂ ಅವನ ದಾಯಾದಿಗೂ ಜಂಟಿಯಲ್ಲಿ ಒಂದು ಎತ್ತಿತ್ತು. ದಾಯಾದಿ ಹೆಂಡತಿಯ ಊರಿಗೆ ಹೋದವ ತಿಂಗಳಾದರೂ ಬರಲಿಲ್ಲ. ಮೇವಿಲ್ಲದ ದಿನ, ಅಪ್ಪ ಎತ್ತನ್ನು ಹುಮನಾಬಾದ ಸಂತೆಯಲ್ಲಿ ಮಾರಿದ. ದಾಯಾದಿ ತಿರುಗಿ ಬಂದು ನೋಡುತ್ತಾನೆ, ಗೂಟ ಬರಿದಾಗಿದೆ. ಹಳೇ ಹಗೆ ಬೇರೆ ಇತ್ತು. ಹಗೆಗಾಗಿ ನನ್ನ ಎತ್ತಿಗೆ ವಿಷ ಹಾಕಿ ಕೊಂದಿದ್ದಾನೆ ಎಂದು ದೂರು ಕೊಟ್ಟ. ಅಪ್ಪನನ್ನು ಹಿಡಿದು ಕಲಬುರಗಿಗೆ ತಂದರು.

ಆಗ ಅಲ್ಲಿದ್ದ ಜಿಲ್ಲಾ ಜಡ್ಜರು ಉತ್ತರ ಹಿಂದೂಸ್ಥಾನದ ಕಡೆಯವರು. ದೊಡ್ಡ ವಿದ್ವಾಂಸರು, ಕೈ ಶುದ್ಧ, ಬಾಯಿ ಶುದ್ಧ. ಅವರಿಗಾಗಲಿ ಹೇಳಿಕೆ ಬರೆದುಕೊಳ್ಳುವ ಅವರ ಪೇಶಕಾರನಿಗಾಗಲಿ ಕನ್ನಡ ಬರುತ್ತಿರಲಿಲ್ಲ. ಅದಾಲತ್ತಿನ ಭಾಷೆ ಉರ್ದು. ದುಭಾಷಿ ಒಬ್ಬನಿದ್ದ, ಅವತ್ತು ಬಂದಿರಲಿಲ್ಲ. ಎತ್ತನ್ನು ಏನು ಮಾಡಿದೆ ಎಂದು ಕೇಳಿದರು. ಅಷ್ಟು ಉರ್ದು ಅಪ್ಪನಿಗೆ ತಿಳಿಯಿತು. ಕೈ ಮುಗಿದು, ಸುಳ್ಳು ಹೇಳದವನ ಧೈರ್ಯದಿಂದ ಹೇಳಿದ:

"ಮಾರೀನ್ರೀ ಸಾಹೇಬ್ರ. ಹೌದು, ನಾನ ಮಾರೀನಿ."

ನಮಗೆ ಮಾರುವುದೆಂದರೆ ಮಾರುವುದು. ಉರ್ದುವಿನಲ್ಲಿ 'ಮಾರಾ' ಅಂದರೆ ಹೊಡೆದೆ, ಕೊಂದೆ. ಪೇಶಕಾರ 'ಮಾರಾ' ಎಂದೇ ಬರೆದುಕೊಂಡ. ಅಪ್ಪ ಒತ್ತಿ ಒತ್ತಿ ಹೇಳಿದಷ್ಟೂ ತಪ್ಪೊಪ್ಪಿಗೆ ಗಟ್ಟಿಯಾಯಿತು. ಬರೆದದ್ದನ್ನು ಹೇಳಿದವನಿಗೆ ಅವನ ಭಾಷೆಯಲ್ಲಿ ಓದಿ ಕೇಳಿಸಿ, ಅವ ಹೌದೆಂದ ಮೇಲೆ ಹೆಬ್ಬೆಟ್ಟು ಒತ್ತಿಸಬೇಕು ಅಂತ ಕಾಯ್ದೆ. ಆದರೆ ಹೊತ್ತು ಹೋಗುತ್ತದೆಂದು ಆ ಜಡ್ಜರ ಕೈಕೆಳಗೆ ಆ ರಿವಾಜು ಬಿಟ್ಟುಹೋಗಿತ್ತು. ಅಪ್ಪ ಹೆಬ್ಬೆಟ್ಟು ಒತ್ತಿದ. ಖರೇ ಹೇಳಿದ್ದಕ್ಕೆ ಮನೆಗೆ ಕಳಿಸುತ್ತಾರೆಂದು ತಿಳಿದಿದ್ದ. ಜೈಲಿಗೆ ಕಳಿಸಿದರು.

ನಾನು ಮೆಟ್ರಿಕ್ಕಿನಲ್ಲಿದ್ದೆ. ಅವ್ವನನ್ನು ಕರೆದುಕೊಂಡು ವಕೀಲರ ಮನೆಗೆ ಹೋದೆ. ಅವರು ಜೈಲಿಗೆ ಹೋಗಿ ಅಪ್ಪನ ಬಾಯಿಂದ ಕೇಳಿದರು, ತಮ್ಮ ಚಾಳಿಯಂತೆ ಮತ್ತೊಮ್ಮೆ ಕೇಳಿದರು. ಮೂರನೇ ಸಲ 'ಮಾರೀನಿ' ಅಂದಾಗ ತಲೆ ಮೇಲೆ ಕೈಯಿಟ್ಟುಕೊಂಡು ಅಲ್ಲೇ ನೆಲಕ್ಕೆ ಕೂತರಂತೆ. "ಅಯ್ಯೋ ಪುಣ್ಯಾತ್ಮಾ, ಉರ್ದುದಾಗ ಮಾರೋದಕ್ಕ 'ಬೇಚಾ' ಅಂತ ಒಂದ್ ಮಾತು ಕಲೀಬಾರದಿತ್ತೇನೋ!"

ತೀರ್ಪನ್ನು ಮತ್ತೊಮ್ಮೆ ನೋಡಬೇಕೆಂದು ಅದೇ ಜಡ್ಜರ ಮುಂದೆ ಅರ್ಜಿ ಹಾಕಿದರು. ಆ ದಿನ ನಾನು ಅದಾಲತ್ತಿನಲ್ಲಿದ್ದೆ. ವಕೀಲರು ಅಪ್ಪನನ್ನು ಕೇಳಿದರು, "ಎತ್ತು ಏನ್ ಮಾಡಿದಿ?"

"ಮಾರೀನ್ರೀ."

ಪೇಶಕಾರ ಥಟ್ಟನೆ, "ನೋಡಿ ಹುಜೂರ್, ಈಗಲೂ ಕೊಂದೆ ಅಂತಾನೆ," ಎಂದ.

ವಕೀಲರು ಸೊಂಟ ಬಗ್ಗಿಸಿ ಸಲಾಮು ಮಾಡಿ, ಅಚ್ಚ ಉರ್ದುವಿನಲ್ಲಿ ಹೇಳಿದರು: "ಹುಜೂರ್, ಇವನು ಕೊಂದ ಎತ್ತು ಹೊರಗೆ ಬೇವಿನ ಮರದ ಕೆಳಗೆ ನಿಂತಿದೆ. ಹಸಿದಿದೆ. ಅಪ್ಪಣೆಯಾದರೆ ಮೇವು ಹಾಕಿಸುತ್ತೇನೆ."

ಜಡ್ಜರು ಎದ್ದು ಕಿಟಕಿಗೆ ಬಂದರು. ಸಂತೆಯಲ್ಲಿ ಕೊಂಡ ಹುಮನಾಬಾದಿನ ರೈತ ಹಗ್ಗ ಹಿಡಿದು ನಿಂತಿದ್ದ. ಎತ್ತು ಅಂಗಳದಲ್ಲಿ ತನ್ನ ಕೆಲಸ ತಾನು ಮಾಡಿತ್ತು. ಅದಾಲತ್ತಿಗೆ ಅದಾಲತ್ತೇ ನಕ್ಕಿತು. ಜಡ್ಜರು ನಗಲಿಲ್ಲ. ನಿಂತ ಕಾಲಲ್ಲೇ ಅಪ್ಪನನ್ನು ಬಿಡುಗಡೆ ಮಾಡಿ, ಎಲ್ಲರೆದುರು "ನಮ್ಮಿಂದ ತಪ್ಪಾಯಿತು" ಅಂದರು. ನಿಜಾಮರ ರಾಜ್ಯದಲ್ಲಿ ಒಬ್ಬ ಜಡ್ಜ್ ಬಾಳೆ ತೋಟದ ಆಳಿಗೆ ಹಾಗೆ ಅಂದದ್ದನ್ನು ನಾನು ಮತ್ತೆ ಕೇಳಲಿಲ್ಲ.

ಅಷ್ಟಕ್ಕೇ ಜಡ್ಜರು ಬಿಡಲಿಲ್ಲ. ನನ್ನ ಓದಿನ ಬಗ್ಗೆ ವಿಚಾರಿಸಿದರು. ಹೈದರಾಬಾದಿಗೆ ವರ್ಗವಾಗಿ ಹೋದ ಮೇಲೂ ನೆನಪಿಟ್ಟು, ಅಲ್ಲಿನ ಕಾಲೇಜಿನಲ್ಲಿ ನನಗೆ ಜಾಗ ಕೊಡಿಸಿದರು. ನಾನು ಬಿ.ಎ. ಮುಗಿಸಿ ಕಾಯ್ದೆಯ ಪರೀಕ್ಷೆ ಪಾಸಾದಾಗ, ಮುನ್ಸಿಫ್ ಕೆಲಸಕ್ಕೆ ನನ್ನ ಹೆಸರನ್ನು ತಾವೇ ಶಿಫಾರಸು ಮಾಡಿದರು. ಅಷ್ಟರಲ್ಲಿ ಅವರು ಹೈಕೋರ್ಟಿನ ಹಂಗಾಮಿ ಜಡ್ಜ್ ಆಗಿದ್ದರು. ನಮ್ಮ ರಾಜ್ಯಕ್ಕೆ ಅದಕ್ಕಿಂತ ಮೇಲಿನ ಅದಾಲತ್ತಿಲ್ಲ. ಕಮಲಾಪುರದಲ್ಲಿ ಅವ್ವ ಆಗಲೇ ಓಣಿಗೆಲ್ಲ, "ನಮ್ಮ ಹುಡುಗ ಮುನ್ಸೀಫ ಆಗಾಕತ್ತಾನ," ಎಂದು ಸಾರಿ ಮುಗಿಸಿದ್ದಳು. ನಾನೂ ಒಳಗೊಳಗೇ ಆ ಖುರ್ಚಿಯ ಮೇಲೆ ಕೂತು ನೋಡಿದ್ದೆ.

ಇನ್ನೊಂದು ಕಡೆ ನಮ್ಮ ವಕೀಲರು ಹೈದರಾಬಾದಿನ ಮಜಲಿಸ್ಸಿಗೆ, ಕಾಯ್ದೆ ಮಾಡುವ ಸಭೆಗೆ, ಜಿಲ್ಲೆಗಳ ವಕೀಲರ ಪರವಾಗಿ ಮೆಂಬರಾಗಿ ಹೋಗಿದ್ದರು. ಅಲ್ಲಿ ಸರಕಾರಿ ಮೆಂಬರುಗಳೇ ಸಾಲು ಸಾಲು. ಇವರಂಥ ಗೈರ್ ಸರಕಾರಿ ಮೆಂಬರುಗಳು ಬೆರಳೆಣಿಕೆ. ಜಡ್ಜರ ನೇಮಕದ ಹುಕುಂ ಅರಮನೆಯಿಂದಲೇ ಬರುವುದು. ಮಜಲಿಸ್ಸಿಗೆ ತಡೆಯುವ ಹಕ್ಕಿರಲಿಲ್ಲ. ಆದರೆ ಅದೊಂದು ಸಲ, ಹಂಗಾಮಿ ಜಡ್ಜರನ್ನು ಕಾಯಂ ಮಾಡುವ ಮುಂಚೆ ಮೆಂಬರುಗಳ ಅಭಿಪ್ರಾಯ ಕೇಳಬೇಕೆಂದಾಯಿತು. ಯಾರ ಬಗ್ಗೆ ಎಂದು ಬೇರೆ ಹೇಳಬೇಕಿಲ್ಲ.

ಒಂದು ದಿನ ಇಳಿಹೊತ್ತಿನಲ್ಲಿ ವಕೀಲರ ಟಾಂಗಾ ಕಮಲಾಪುರದ ನಮ್ಮ ಮನೆ ಮುಂದೆ ನಿಂತಿತು. ಅವ್ವ ಸಂಭ್ರಮದಿಂದ ಕಂಬಳಿ ಹಾಸಿದಳು. ಅವರು ಕೂಡಲಿಲ್ಲ.

"ತಂಗಿ, ನೀರು ಆಮ್ಯಾಲ ಕೊಡು. ಮೊದಲ ಮಾತು ಕೇಳು. ಮಜಲಿಸ್ಸಿನಾಗ ನಾ ಜಡ್ಜ್ ಸಾಹೇಬ್ರಿಗೆ 'ಬ್ಯಾಡ' ಅಂತ ಹೇಳಾಕ ಹೊಂಟೀನಿ. ನಿನ್ನ ಮಗನ ನೌಕರಿಗೆ ಅದರಿಂದ ಕಲ್ಲು ಬೀಳಬಹುದು. ಬ್ಯಾರೆಯವರ ಬಾಯಿಂದ ನಿಮಗ ತಿಳೀಬಾರದು ಅಂತ ನಾನ ಬಂದೀನಿ."

ಅವ್ವನ ಕೈಯಲ್ಲಿದ್ದ ತಂಬಿಗೆ ಅಲ್ಲೇ ನಿಂತಿತು. "ವಕೀಲಣ್ಣಾ, ಹುಡುಗನ್ನ ಓದಸು ಓದಸು ಅಂತ ನನ್ನ ತಲಿ ತಿಂದವ್ರು ನೀವ. ಈಗ ಓದಿದ ಮ್ಯಾಲ ಬುಡಕ್ಕ ಕೊಡ್ಲಿ ಹಾಕಾಕ ಬಂದವ್ರೂ ನೀವ. ಭಾಳ ಛಲೋ ಆತು ಬಿಡ್ರಿ!"

ಅಪ್ಪ ಹಗ್ಗ ಹೊಸೆಯುತ್ತ ಕೂತಿದ್ದ. ತಲೆ ಎತ್ತದೆ ಕೇಳಿದ, "ಸಾಹೇಬ್ರ, ಅವ್ರು ನನಗ ಛಲೋನ ಮಾಡ್ಯಾರ. ಮಗನಿಗೂ ಮಾಡಾಕತ್ತಾರ. ಮತ್ತ ಯಾಕ್ರೀ?"

"ನಿನಗ ಮಾಡ್ಯಾರ. ಖರೇ ಅದ. ಆದ್ರ ಸಾಕ್ಷಿ ಹೇಳಿದ್ದು ಓದಿ ಕೇಳಸೋ ರಿವಾಜು ಅವ್ರು ಇವತ್ತಿಗೂ ತಂದಿಲ್ಲ. ನಾ ಖುದ್ದ ಕೇಳೀನಿ. 'ಅಂಥಾ ಗಲತಿ ಎಲ್ಲೋ ಒಂದು, ವಕೀಲ್ ಸಾಹೇಬ್' ಅಂದ್ರು. ಹೈಕೋರ್ಟಿನಾಗ ಜಡ್ಜ್ ಹೆಂಗ ನಡೀತಾನೋ ತಾಲೂಕಿನಾಗ ಮುನ್ಸಿಫ್ ಹಂಗ ನಡೀತಾನ. ನಿನ್ನಂಗ 'ಮಾರೀನಿ' ಅಂದು ಒಳಗ ಕುಂತವ್ರು ಇನ್ನಾ ಎಷ್ಟ ಮಂದಿ ಇದ್ದಾರೋ. ಎಲ್ಲಾರ ಎತ್ತೂ ಸಿಗಂಗಿಲ್ಲೋ ಮಾರಾಯಾ."

ನನಗೆ ತಡೆಯಲಾಗಲಿಲ್ಲ. "ನೀವೊಬ್ರ ಬ್ಯಾಡ ಅಂದ್ರ ಅದು ನಿಲ್ತದೇನ್ರೀ?"

"ನಿಲ್ಲಂಗಿಲ್ಲ."

"ಮತ್ತ ಹೇಳಿ ಏನ್ ಫಾಯದಾ?"

"ನಿಲ್ಲಂಗಿಲ್ಲ ಅಂತ ಸುಮ್ನ ಕೂಡೂದಿದ್ರ ನನ್ನ ಅಲ್ಲಿಗೆ ಯಾಕ ಕಳಿಸ್ಯಾರ ತಮ್ಮಾ? ಖುರ್ಚಿ ಧೂಳ ಒರಸಾಕೇನು? ಹಂಗಾಮಿ ಇದ್ದಾಗ ಕೇಳಿದ್ರ ಅದು ಕೇಳೋದು. ಕಾಯಂ ಆದ ಮ್ಯಾಲ ಕೇಳಿದ್ರ ಅದು ಬೇಡ್ಕೊಳ್ಳೋದು."

ಅವರು ನೀರು ಕುಡಿಯದೆ ಹೊರಟರು. ಟಾಂಗಾ ಹತ್ತುವಾಗ ಅವ್ವ ಒಂದು ಚಿಪ್ಪು ಕೆಂಪು ಬಾಳೆಹಣ್ಣು ತಂದು ಅವರ ಪಕ್ಕದಲ್ಲಿ ಕುಕ್ಕಿದಳು. "ತಾಯಿ ತವರ ಮನಿ ಊರಿಂದ ಬರಿಗೈಲೆ ಹೋದ್ರು ಅನಬಾರದು. ತಿನ್ರಿ. ನನ್ನ ಮಗನ ನೌಕರಿ ತಿಂದ ಬಾಯಿಗೆ ಇದೇನ್ ಭಾರ ಆಗಂಗಿಲ್ಲ."

"ತಂಗಿ," ಅಂದರು ವಕೀಲರು, "ಬೈಗಳ ಸಮೇತ ಕೊಟ್ಟ ಹಣ್ಣು ಜಾಸ್ತಿ ಸಿಹಿ ಇರ್ತದ."

ಮಜಲಿಸ್ಸು ಕೂಡಿದ ದಿನ ನಾನು ಹೈದರಾಬಾದಿನಲ್ಲೇ ಇದ್ದೆ. ವಾಡಿಯಲ್ಲಿ ಗಾಡಿ ಬದಲಿಸಿ, ಅವರ ಹಿಂದಿನ ಡಬ್ಬಿಯಲ್ಲೇ ಹೋಗಿದ್ದೆ, ಅವರಿಗೆ ಹೇಳದೆ. ಮನಸ್ಸು ಬದಲಾಗಲಿ ಎಂಬ ಆಸೆ ಇತ್ತು, ಯಾಕೆ ಸುಳ್ಳು ಹೇಳಲಿ. ಒಳಗೆ ನನಗೆ ಅಪ್ಪಣೆಯಿಲ್ಲ. ಒಳಗಿದ್ದ ಮರಾಠವಾಡದ ಇನ್ನೊಬ್ಬ ವಕೀಲ ಮೆಂಬರು ಅವತ್ತೇ ಸಂಜೆ ಬಿಡದಿಯಲ್ಲಿ ಕೂತು ಹೇಳಿದ್ದನ್ನೇ ಹೇಳುತ್ತೇನೆ.

ಎಲ್ಲರೂ ಜಡ್ಜರನ್ನು ಹೊಗಳಿ ಒಪ್ಪಿಗೆ ಕೊಟ್ಟರು. ಕಡೆಗೆ ನಮ್ಮವರು ಎದ್ದರು. ಇವರೂ ಹೊಗಳಿದರು, ಅವರ ವಿದ್ಯೆ, ಅವರ ಶುದ್ಧ ಕೈ, ತಪ್ಪು ಒಪ್ಪಿಕೊಂಡ ಅವರ ದೊಡ್ಡತನ. ಉಳಿದವರು ಹೊಗಳಿದ್ದಕ್ಕಿಂತ ಚಂದ ಹೊಗಳಿದರಂತೆ. ಮರಾಠಿ ವಕೀಲರು ನನಗೆ ಕಣ್ಣು ಹೊಡೆದು, "ನಿಮ್ಮ ಸಾಹೇಬರ ಫಾರ್ಸಿ ಕೇಳಿ ನಾವೆಲ್ಲ ನಿಶ್ಚಿಂತೆಯಿಂದ ಪಾನ್ ಡಬ್ಬಿ ತೆಗೆದೆವು," ಅಂದರು. ಆಮೇಲೆ ಬಂತಂತೆ: "ನನ್ನದು ಒಂದೇ ತಕರಾರು."

ಹೇಳಿಕೆಯನ್ನು ಹೇಳಿದವನ ಭಾಷೆಯಲ್ಲಿ ಓದಿ ಕೇಳಿಸದೆ ಯಾವ ಕೆಳಗಿನ ಅದಾಲತ್ತು ಹೆಬ್ಬೆಟ್ಟು ಒತ್ತಿಸಿದರೂ ಅದನ್ನು ಮಾನ್ಯ ಮಾಡುವುದಿಲ್ಲ ಎಂದು ಜಡ್ಜರು ಮಾತು ಕೊಡಲಿ. ಕೊಟ್ಟರೆ ನನ್ನ ಒಪ್ಪಿಗೆ ಎಲ್ಲರಿಗಿಂತ ಜೋರು. ಕೊಡುವವರೆಗೆ ಇಲ್ಲ.

ಅಧ್ಯಕ್ಷರು ಹೇಳಿದರು, ಇದು ಶರತ್ತು ಹಾಕುವ ಜಾಗವಲ್ಲ. ವಕೀಲರು ಅದನ್ನೇ ತಿರುಗಿ ಹೇಳಿದರು. ಕೂಡಿರೆಂದರು. ಕೂಡದೆ ಮೂರನೇ ಸಲ ಹೇಳಿದರು. ಒಬ್ಬ ಜಾಗೀರದಾರ ಮೆಂಬರಿಗೆ ಸಾಕಾಯಿತು.

"ವಕೀಲ್ ಸಾಹೇಬ್, ದರಬಾರಿನ ಮನೆಯಲ್ಲಿ ತಕರಾರು ಮಾಡಬೇಡಿ!"

"ಖಾವಂದ್, ತಕರಾರು ಅನ್ನುವ ಮಾತಿನ ಮೂಲ ಅರ್ಥ ಜಗಳವಲ್ಲ. ಹೇಳಿದ್ದನ್ನೇ ಮತ್ತೊಮ್ಮೆ ಹೇಳುವುದು. ಕಿತಾಬು ತೆಗೆದು ನೋಡಿ. ನಾನು ಜಗಳ ಮಾಡುತ್ತಿಲ್ಲ. ಮತ್ತೊಮ್ಮೆ ಹೇಳುತ್ತಿದ್ದೇನೆ."

ಸಭೆ ನಕ್ಕಿತು. ಅಧ್ಯಕ್ಷರೂ ನಕ್ಕರು. ನಗುತ್ತಲೇ ಒಬ್ಬರ ವಿರೋಧ ಎಂದು ಬರೆಸಿ, ಜಡ್ಜರನ್ನು ಕಾಯಂ ಮಾಡಬಹುದೆಂದು ಅಭಿಪ್ರಾಯ ಕಳಿಸಿದರು.

ವಕೀಲರು ಹೊರಗೆ ಬಂದಾಗ ಬಾಗಿಲಲ್ಲಿ ನಾನು ನಿಂತಿದ್ದೆ. ನನ್ನನ್ನು ನೋಡಿ ಅವರಿಗೆ ಆಶ್ಚರ್ಯವಾಗಲಿಲ್ಲ. "ಹೇಳಿದೆ," ಅಂದರು. "ಊಟ ಆಗ್ಯದೇನು?" ನಾನು ಬೆನ್ನು ತಿರುಗಿಸಿ ನಡೆದುಬಿಟ್ಟೆ. ಸಿಟ್ಟು ಬಂದಿತ್ತು. ಬರಬೇಕಾದದ್ದೇ. ಹದಿನಾರು ವರ್ಷ ಓದಿ, ಹಸಿದು, ಮನೆತನದಲ್ಲೇ ಮೊದಲು ಬಂದ ಖುರ್ಚಿ ಅದು.

ಮುನ್ಸಿಫ್ ಹುಕುಂಗಳು ಬಂದವು. ನನ್ನ ಹೆಸರಿನಲ್ಲಿ ಬರಲಿಲ್ಲ. ಕಚೇರಿಯಲ್ಲಿ ಅದನ್ನು ಯಾರು ತೆಗೆಸಿದರೋ ಗೊತ್ತಿಲ್ಲ. ಜಡ್ಜರಲ್ಲ, ಅವರ ಮನಸ್ಸು ಗೆಲ್ಲಬೇಕೆಂದು ಬೇರೆ ಯಾರೋ ಮಾಡಿದ್ದು ಎಂದು ನಮ್ಮ ವಕೀಲರು ಕೊನೆಯವರೆಗೂ ನನ್ನೊಡನೆ ವಾದಿಸುತ್ತಿದ್ದರು. ತಾವು ವಿರೋಧಿಸಿದ ಮನುಷ್ಯನ ಪರವಾಗಿ ಅಷ್ಟು ಹಟದಿಂದ ವಕಾಲತ್ತು ಮಾಡಿದವರನ್ನು ನಾನು ಬೇರೆ ಕಂಡಿಲ್ಲ.

ಹೊಟ್ಟೆಪಾಡು ಕೇಳಬೇಕಲ್ಲ. ಕೆಲ ತಿಂಗಳಿಗೆ ನಾನೇ ಅವರ ಬಾಗಿಲಿಗೆ ಹೋದೆ. ಅವರು ಗಾದಿಯ ಮೇಲೆ ಒಂದಿಷ್ಟು ಸರಿದು ಕೂತು ನನಗೆ ಜಾಗ ಮಾಡಿದರು, ಅಷ್ಟೇ. ಮರುದಿನದಿಂದ ನಾನೂ ಕಲಬುರಗಿಯ ವಕೀಲ. ಕಾಯ್ದೆ ನನಗೆ ಪುಸ್ತಕದಿಂದ ಬಂದಿತ್ತು. ಮನುಷ್ಯ ಮಾತಾಡುವಾಗ ಅವನ ಬಾಯಿ ನೋಡದೆ ಕಣ್ಣು ನೋಡಬೇಕು, ಕೋಪ ಬಂದಾಗ ದನಿ ಇಳಿಸಬೇಕು, ಎದುರಾಳಿಯನ್ನು ಹೊಗಳುವಾಗ ಖರೇ ಹೊಗಳಬೇಕು ಎಂಬುದೆಲ್ಲ ಆ ಗಾದಿಯ ಮೇಲೆ ಬಂತು.

ಹೈಕೋರ್ಟಿಗೆ ನಾನು ಹೋದ ಮೊದಲ ಮೇಲ್ಮನವಿಯಲ್ಲಿ ನಾನು ಗೆದ್ದಂತೆಯೇ ಆಗಿತ್ತು. ಎದುರಿನ ಕಡೆಯ ಒಬ್ಬ ಸಾಕ್ಷಿದಾರನ ಹೇಳಿಕೆ ನನ್ನ ಕಕ್ಷಿದಾರನಿಗೆ ಪೂರಾ ಅನುಕೂಲವಾಗಿತ್ತು. ಪೀಠದ ಮೇಲೆ ಅದೇ ಜಡ್ಜರು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹಾಳೆ ತಿರುವಿ ನೋಡಿ ಒಂದೇ ಮಾತು ಕೇಳಿದರು: "ಇದನ್ನು ಸಾಕ್ಷಿದಾರನಿಗೆ ಕನ್ನಡದಲ್ಲಿ ಓದಿ ಕೇಳಿಸಿದ್ದಾರೆಯೇ?" ಇಲ್ಲ. ಹೇಳಿಕೆ ಮತ್ತೆ ಬರೆದುಕೊಳ್ಳಿರಿ ಎಂದು ಕೇಸನ್ನು ಕೆಳಕ್ಕೆ ಕಳಿಸಿದರು. ಮತ್ತೆ ಬರೆದುಕೊಂಡಾಗ ಸಾಕ್ಷಿದಾರ ಅಂದದ್ದು ಬೇರೆಯೇ ಎಂದು ತಿಳಿಯಿತು. ನಾನು ಸೋತೆ.

ಆ ಸುದ್ದಿಯನ್ನು ನಮ್ಮ ವಕೀಲರಿಗೆ ಹೇಳಿದಾಗ ಅವರಿಗೆ ಕಾಯಿಲೆ ಶುರುವಾಗಿತ್ತು, ಗೋಡೆಗೆ ಒರಗಿ ಕೂತಿದ್ದರು. ಮೊದಲು ಬಾಯಿ ಮುಚ್ಚಿಕೊಂಡು ನಕ್ಕರು, ಆಮೇಲೆ ಬಾಯಿ ಬಿಟ್ಟು, ಕೆಮ್ಮು ಬರುವವರೆಗೆ.

"ನಿನ್ನ ನೌಕರಿನೂ ಕಳದೆ, ಕೇಸೂ ಕಳದೆ! ನಿಮ್ಮವ್ವಗ ಹೇಳಬ್ಯಾಡೋ ತಮ್ಮಾ, ಈ ಸಲ ಬಾಳಿಹಣ್ಣೂ ಕೊಡಂಗಿಲ್ಲ."

"ಜಡ್ಜ್ ಸಾಹೇಬ್ರು ನಿಮ್ಮ ಹೆಸರು ಏನೂ ಹೇಳಲಿಲ್ರೀ," ಅಂದೆ ನಾನು. ನನಗೆ ಅದು ಚುಚ್ಚಿತ್ತು.

"ಹೇಳಬಾರದು. ಹೆಸರು ಹೇಳಿದ್ರ ಅದು ನನಗ ಮಾಡಿದ ಉಪಕಾರ ಆಗ್ತಿತ್ತು. ಈಗ ಕಾಯ್ದೆ ಆತು."

ಆ ಬೇಸಿಗೆಯನ್ನು ಅವರು ದಾಟಲಿಲ್ಲ. ನಮ್ಮ ಕಡೆಯ ಪದ್ಧತಿಯಂತೆ ಅವರನ್ನು ಪಡಸಾಲೆಯಲ್ಲಿ ಕೂಡಿಸಿ, ಹೂ ಏರಿಸಿ, ಭಜನೆ ಹಚ್ಚಿದ್ದರು. ಅದಾಲತ್ತಿನವರು, ಗುಡಿಯವರು, ದರ್ಗಾದ ಓಣಿಯವರು ಬಂದಿದ್ದರು. ಎದುರು ಮನೆಯ ವಕೀಲರು ಮಗುವಿನಂತೆ ಅಳುತ್ತಿದ್ದರು. ಕಮಲಾಪುರದಿಂದ ಅಪ್ಪ ಬಂಡಿ ಕಟ್ಟಿಕೊಂಡು ಬಂದ. ಅಷ್ಟು ಜನರೆದುರು ಮುಂದೆ ಹೋಗಲು ಹಿಂಜರಿದು ಕಂಬದ ಹತ್ತಿರ ನಿಂತ. ಅವನನ್ನು ಗುರುತಿಸಿದ ಆ ಹಳೆಯ ಪೇಶಕಾರನೇ ಕೈ ಹಿಡಿದು ಒಳಗೆ ಕರೆತಂದ. ಅಷ್ಟು ವರ್ಷದಲ್ಲಿ ಅವನಿಗೆ ನಮ್ಮ ಮಾತು ಬಂದಿತ್ತು.

"ಬಾರೋ ಮುತ್ಯಾ. ನಿನ್ನ ಬಿಡಿಸಿದವ್ರು ಹೋದ್ರು ನೋಡು," ಅಂದ.

ಅಪ್ಪ ವಕೀಲರ ಪಾದ ಮುಟ್ಟಿ, ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡ.

"ಬಿಡಸಾಕ ಯಾರರೆ ಬಿಡಸ್ತಾರ್ರೀ ಸಾಹೇಬ್ರ," ಅಂದ. "ಇವ್ರು ನನ್ನ ಬಿಡಿಸಿದ ಮ್ಯಾಲೂ ಆ ಮಾತು ಬಿಡಲಿಲ್ಲಲ್ಲ, ಅದಕ್ಕ ಬಂದೀನಿ."